ಹೊಟ್ಟೆ ಸೇರಿದ್ದೆಷ್ಟು ಎಂದು ಕೇಳುವ ವರ್ಡೆಲ್

ಬೆಳಗಿನ ಐದೂಕಾಲು. ಮೆಂಫಿಸ್ ನಗರದ ದೊಡ್ಡ ಆಸ್ಪತ್ರೆಯೊಂದರ ನಾಲ್ಕನೇ ಮಹಡಿಯಲ್ಲಿ ತೀವ್ರ ನಿಗಾ ಘಟಕದ ಬಾಗಿಲು ಸರಿಯುತ್ತದೆ, ವರ್ಡೆಲ್ ಮೇಬ್ರಿ ಒಳಗೆ ಬರುತ್ತಾರೆ. ವಯಸ್ಸು ಅರವತ್ತೊಂದು. ಬಲಗಾಲು ತುಸು ಎಳೆಯುತ್ತದೆ. ದಾರ ಕಟ್ಟಿದ ಕನ್ನಡಕ ಎದೆಯ ಮೇಲೆ ತೂಗುತ್ತಿದೆ, ಜೇಬಿನಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆ ಮತ್ತು ಎರಡು ಪೆನ್ಸಿಲ್. ಕೈ ತೊಳೆದು, ಒರೆಸಿ, ಮೊದಲ ಹಾಸಿಗೆಯ ಬಳಿ ನಿಲ್ಲುತ್ತಾರೆ. ಪಂಪಿನ ಪರದೆ ಕಣ್ಣೆದುರೇ ಮಿನುಗುತ್ತಿದ್ದರೂ ಅದನ್ನು ಆಮೇಲೆ ಓದುತ್ತಾರೆ. ಮೊದಲು ಅಂಗೈಯನ್ನು ದಿಂಬಿನ ಅಂಚಿನಡಿ ತೂರಿಸಿ, ಹೊದಿಕೆಯ ಕೆಳಗೆ ಮೆಲ್ಲಗೆ ಆಡಿಸಿ, ಎಲ್ಲಾದರೂ ಒದ್ದೆಯಿದೆಯೇ ಎಂದು ಮುಟ್ಟಿ ನೋಡುತ್ತಾರೆ.

"ಒಣಗಿದೆ. ದೇವ್ರು ದೊಡ್ಡೋನು," ಎನ್ನುತ್ತಾರೆ. ಅವರ ಕೆಲಸದ ಬಗ್ಗೆ ಬರೆಯಲು ಜೊತೆಗೆ ಬಂದಿರುವ ನನ್ನ ಮುಖ ನೋಡಿ ವಿವರಿಸುತ್ತಾರೆ: "ನಳಿಕೆ ಮುಚ್ಚಳ ಬಿಚ್ಕೊಂಡಿದ್ರೆ ಊಟ ಎಲ್ಲ ಹಾಸಿಗೆ ಕುಡೀತಿರತ್ತೆ. ಪಂಪಿಗೇನ್ ಗೊತ್ತು? ಅದು ಪಾಪ, ಕೊಟ್ಟೆ ಕೊಟ್ಟೆ ಅಂತ ಬರ್ಕೊಂಡು ಕೂತಿರತ್ತೆ."

ಇಲ್ಲಿ ಮಲಗಿರುವ ಇಪ್ಪತ್ತೆರಡು ಮಂದಿಯಲ್ಲಿ ಇವತ್ತು ಹದಿನಾಲ್ಕು ಜನ ಬಾಯಿಯಿಂದ ಉಣ್ಣಲಾರರು. ಮೂಗಿನಿಂದ ಹೊಟ್ಟೆಯವರೆಗೆ ಇಳಿಬಿಟ್ಟ ತೆಳ್ಳನೆಯ ನಳಿಕೆಯಲ್ಲಿ ಕೆನೆಬಣ್ಣದ ದ್ರವಾಹಾರ ನಿಧಾನವಾಗಿ ಇಳಿಯುತ್ತಿರುತ್ತದೆ. ಯಾರಿಗೆ ಎಷ್ಟು ಬೇಕೆಂದು ಆಹಾರ ತಜ್ಞೆ ಲೆಕ್ಕ ಹಾಕುತ್ತಾರೆ, ವೈದ್ಯರು ಆದೇಶ ಬರೆಯುತ್ತಾರೆ, ನರ್ಸುಗಳು ಚೀಲ ತೂಗುಹಾಕಿ ಪಂಪು ನಡೆಸುತ್ತಾರೆ. ವರ್ಡೆಲ್ ಇವರೆಲ್ಲರ ಕೆಳಗೆ, ಪಥ್ಯ ವಿಭಾಗದ ಸಹಾಯಕಿ. ಹಿಂದಿನ ದಿನ ಯಾರಿಗೆ ಎಷ್ಟು ಹೋಯಿತೆಂದು ಓದಿ ಬರೆದಿಡುವುದಷ್ಟೇ ಅವರ ಕೆಲಸ. ಆದೇಶ ಬದಲಿಸುವ ಹಕ್ಕು ಅವರಿಗಿಲ್ಲ, ನಿಂತ ಪಂಪಿನ ಗುಂಡಿ ಒತ್ತುವಂತೆಯೂ ಇಲ್ಲ.

ಅವರ ಹಾಳೆಯಲ್ಲಿ ಪೆನ್ಸಿಲಿನಿಂದ ಎಳೆದ ಎರಡು ಅಂಕಣಗಳಿವೆ. ಒಂದು ‘ಬೇಕಿದ್ದದ್ದು’, ಇನ್ನೊಂದು ‘ಸೇರಿದ್ದು’. ಇಷ್ಟನ್ನು ಕಂಪ್ಯೂಟರೂ ಮಾಡುತ್ತದೆಯಲ್ಲ ಎಂದು ಕೇಳುತ್ತೇನೆ. ವರ್ಡೆಲ್ ಒಂಬತ್ತನೇ ಹಾಸಿಗೆಯ ಕಡೆ ನಡೆಯುತ್ತಾರೆ, ನಾನು ಹಿಂದೆ ಹೋಗುತ್ತೇನೆ.

ಅಲ್ಲಿರುವುದು ಓಝೆಲ್ ಟೇಟಮ್. ಆರೆಂಜ್ ಮೌಂಡ್ ಬಡಾವಣೆಯಲ್ಲಿ ನಲವತ್ತು ವರ್ಷ ಕ್ಷೌರದಂಗಡಿ ನಡೆಸಿದವರು, ತಮ್ಮ ಚರ್ಚಿನಲ್ಲಿ ಡೀಕನ್, ಅಂದರೆ ಸಭೆಯ ಹಿರಿಯ ಸೇವಕರು. ವಯಸ್ಸು ಎಪ್ಪತ್ತು. ನ್ಯುಮೋನಿಯಾ ಎರಡೂ ಶ್ವಾಸಕೋಶಗಳನ್ನು ಹಿಡಿದು ಹನ್ನೆರಡು ದಿನವಾಗಿದೆ. ಬಾಯಿಯ ಮೂಲಕ ಗಂಟಲಿಗೆ ಇಳಿಸಿದ ನಳಿಕೆಯಿಂದ ಯಂತ್ರವೇ ಅವರಿಗಾಗಿ ಉಸಿರಾಡುತ್ತಿದೆ. ಮುಂದಿನ ಹಂತ ಸಣ್ಣದೊಂದು ಶಸ್ತ್ರಕ್ರಿಯೆ. ಕುತ್ತಿಗೆಯಲ್ಲಿ ಉಸಿರಿಗೊಂದು ದಾರಿ ಮಾಡಿದರೆ ಬಾಯಿಯ ನಳಿಕೆ ತೆಗೆಯಬಹುದು, ಮಂಪರಿನ ಔಷಧ ತಗ್ಗಿಸಬಹುದು, ನಿಧಾನವಾಗಿ ಯಂತ್ರದಿಂದ ಬಿಡಿಸಬಹುದು. ಹಾಸಿಗೆಯ ಪಕ್ಕದ ಕಂಬದಲ್ಲಿ ಊಟದ ಚೀಲ ತುಂಬಿ ತೂಗುತ್ತಿದೆ. ಪಂಪಿನ ಪರದೆ ಕಪ್ಪಗಿದೆ.

"ಮಿಸ್ ವರ್ಡೆಲ್, ಬೆಳಬೆಳಗ್ಗೆ ನನ್ನನ್ನ ಹಾಗೆ ನೋಡ್ಬೇಡಿ," ಎನ್ನುತ್ತಾರೆ ನರ್ಸ್ ಜನೆಲ್ ಬೂಕರ್. "ಮಧ್ಯರಾತ್ರಿಯಿಂದ ಏನೂ ಕೊಡಬಾರದು ಅಂತ ಆದೇಶ. ನಾನೇನ್ ಮಾಡ್ಲಿ?"

"ನಿನ್ನನ್ನೆಲ್ಲಿ ನೋಡ್ದೆ ಕಂದಾ? ಚೀಲ ನೋಡ್ದೆ. ಮದುವೆ ಊಟದ ಥರ ತುಂಬ್ಕೊಂಡಿದೆ. ಮದುಮಗ ಒಬ್ಬನ್ನ ಬಿಟ್ಟು ಎಲ್ರಿಗೂ ಕಾಣ್ಸತ್ತೆ."

"ಇವತ್ತು ಖಂಡಿತ ಕರೀತಾರಂತೆ."

"ನಿನ್ನೆನೂ ಖಂಡಿತ ಇತ್ತು. ಮೊನ್ನೆದು ಇನ್ನೂ ಖಂಡಿತ ಇತ್ತು."

ಇಂಥ ಶಸ್ತ್ರಕ್ರಿಯೆಗೆ ಮುನ್ನ ಮಧ್ಯರಾತ್ರಿಯಿಂದ ಹೊಟ್ಟೆ ಖಾಲಿ ಇಡುತ್ತಾರೆ. ಹಗಲಿಡೀ ಶಸ್ತ್ರಕ್ರಿಯೆಯ ಕೋಣೆಯಿಂದ ಕರೆ ಬರಲೆಂದು ಕಾಯುತ್ತಾರೆ. ಅಷ್ಟರಲ್ಲಿ ಹೆದ್ದಾರಿಯಿಂದ ಅಪಘಾತದವರು ಬರುತ್ತಾರೆ, ಗುಂಡೇಟು ಬಿದ್ದವರು ಬರುತ್ತಾರೆ. ಅವರು ಮೊದಲು, ಅದು ನ್ಯಾಯವೇ. ಸಂಜೆ ನಾಲ್ಕರ ಹೊತ್ತಿಗೆ ‘ನಾಳೆ ನೋಡೋಣ’ ಎಂಬ ಮಾತು ಬರುತ್ತದೆ. ಪಂಪು ಮತ್ತೆ ಶುರುವಾಗುತ್ತದೆ. ಎಂಟು ಗಂಟೆ ನಡೆದು ಮಧ್ಯರಾತ್ರಿಗೆ ಮತ್ತೆ ನಿಲ್ಲುತ್ತದೆ, ನಾಳೆಯ ಶಸ್ತ್ರಕ್ರಿಯೆಗೆಂದು. ಟೇಟಮ್ ಅವರಿಗೆ ಹೀಗೆ ನಾಲ್ಕು ದಿನ ಆಗಿದೆ. ಇವತ್ತು ಐದನೆಯದು, ಶುಕ್ರವಾರ.

ವರ್ಡೆಲ್ ಈಗ ಕಂಪ್ಯೂಟರಿನ ಪರದೆ ನನ್ನ ಕಡೆ ತಿರುಗಿಸುತ್ತಾರೆ. ಟೇಟಮ್ ಹೆಸರಿನ ಮುಂದೆ ಹಸಿರು ಗುರುತು. ಆಹಾರ: ಆದೇಶದ ನೂರಕ್ಕೆ ನೂರು. ನಾಲ್ಕು ದಿನವೂ ಹಸಿರೇ. ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಉಪವಾಸದ ಗಂಟೆಗಳಲ್ಲಿ ಆದೇಶವೇ ಸೊನ್ನೆ. ಸೊನ್ನೆ ಕೊಡಿ ಎಂದರು, ಸೊನ್ನೆಯನ್ನೇ ಕೊಟ್ಟರು. ಯಂತ್ರದ ಪ್ರಕಾರ ಎಲ್ಲರೂ ಹೇಳಿದಂತೆ ನಡೆದುಕೊಂಡಿದ್ದಾರೆ. ಯಾರೂ ತಪ್ಪು ಮಾಡಿಲ್ಲ.

ಪೆನ್ಸಿಲಿನ ಹಾಳೆಯಲ್ಲಿ ಬೇರೆಯೇ ಇದೆ. ದಿನಕ್ಕೆ ಸಾವಿರದ ಐನೂರು ಮಿಲಿಲೀಟರಿನಂತೆ ನಾಲ್ಕು ದಿನಕ್ಕೆ ಆರು ಸಾವಿರ ಬೇಕಿತ್ತು. ಸೇರಿದ್ದು ಸಾವಿರದ ಎಂಟುನೂರ ತೊಂಬತ್ತು.

ವರ್ಡೆಲ್ ಹೊದಿಕೆ ಸರಿಸಿ ಟೇಟಮ್ ಅವರ ಮೀನಖಂಡವನ್ನು ಎರಡೂ ಕೈಯಿಂದ ಬಳಸಿ ಹಿಡಿಯುತ್ತಾರೆ. ಇದು ಯಾವ ಪುಸ್ತಕದಲ್ಲೂ ಇಲ್ಲದ ಅಳತೆ, ತಮಗೆ ಮಾತ್ರ ಗೊತ್ತು ಎಂದು ನಗುತ್ತಾರೆ. "ಸೋಮವಾರ ಬೆರಳಿಗೂ ಬೆರಳಿಗೂ ಮಧ್ಯ ಇಷ್ಟು ಜಾಗ ಇತ್ತು. ಇವತ್ತು ತಾಗ್ತಿದೆ ನೋಡಿ. ಕಾಲು ಕರಗೋದು ಕಣ್ಣಿಗೆ ಕಾಣತ್ತೆ. ಉಸಿರು ಎಳ್ಯೋ ಸ್ನಾಯೂ ಹೀಗೇ ಕರಗತ್ತೆ, ಅದು ಕಾಣಲ್ಲ. ಕುತ್ತಿಗೇಲಿ ದಾರಿ ಮಾಡ್ಕೊಟ್ರೂ ಉಸಿರು ಎಳ್ಯೋಕೆ ಶಕ್ತಿ ಬೇಡ್ವಾ?"

ಈ ಕೆಲಸಕ್ಕೆ ಬರುವ ಮೊದಲು ವರ್ಡೆಲ್ ಹನ್ನೊಂದು ವರ್ಷ ಶಾಲೆಯೊಂದರ ಅಡುಗೆಮನೆಯಲ್ಲಿದ್ದರು. ಬಡಿಸುವ ಸಾಲಿನಲ್ಲಲ್ಲ, ಮಕ್ಕಳು ಉಂಡ ತಟ್ಟೆ ಹಿಂದಿರುಗಿಸುವ ಕಿಟಕಿಯಲ್ಲಿ. ಕಚೇರಿಯ ದಾಖಲೆಯಲ್ಲಿ ಮಕ್ಕಳು ದಿನವೂ ಬೀನ್ಸ್ ತಿನ್ನುತ್ತಿದ್ದರು, ಹಾಲು ಕುಡಿಯುತ್ತಿದ್ದರು. ಕಿಟಕಿಯ ಈಚೆಗೆ ಅದೇ ಬೀನ್ಸ್ ತೊಟ್ಟಿ ಸೇರುತ್ತಿತ್ತು. "ಯಾವ ಮಗು ತಿನ್ನಲ್ಲ ಅಂತ ತಟ್ಟೆ ನೋಡಿ ಹೇಳ್ತಿದ್ದೆ. ಮುಖ ನೋಡೋ ಅವಶ್ಯಕತೇನೇ ಇರ್ಲಿಲ್ಲ," ಎನ್ನುತ್ತಾರೆ.

ಮೂವತ್ತಮೂರನೇ ವಯಸ್ಸಿನಲ್ಲಿ, ಇಬ್ಬರು ಹೆಣ್ಣುಮಕ್ಕಳನ್ನು ಒಬ್ಬರೇ ಸಾಕುತ್ತ, ಸಂಜೆಯ ಕಾಲೇಜಿಗೆ ಸೇರಿದರು. ರಸಾಯನಶಾಸ್ತ್ರದಲ್ಲಿ ಎರಡು ಸಲ ಬಿದ್ದರು. ಮೂರನೇ ಸಲ ದೊಡ್ಡ ಮಗಳು ಅಡುಗೆಮನೆಯ ಮೇಜಿನ ಎದುರು ಕೂತು ಪ್ರಶ್ನೆ ಕೇಳಿದಳು, ತಾಯಿ ಪಾತ್ರೆ ತೊಳೆಯುತ್ತ ಉತ್ತರ ಹೇಳಿದರು. ಆಸ್ಪತ್ರೆಗೆ ಸೇರಿ ಈಗ ಇಪ್ಪತ್ತಾರು ವರ್ಷ. ಮನೆಯ ಹತ್ತಿರದ ಬಸ್ಸಿನ ಬೆಳಗಿನ ಮೊದಲ ಓಡಾಟ ರದ್ದಾದ ಮೇಲೆ ಇಪ್ಪತ್ತೈದು ನಿಮಿಷ ನಡೆದು ಇನ್ನೊಂದು ಬಸ್ಸು ಹಿಡಿಯುತ್ತಾರೆ. ಎಳೆಯುವ ಕಾಲಿನ ಮಂಡಿಯ ವಿಷಯ ಕೇಳಿದರೆ "ಅದು ನನ್ ಜೊತೆ ಬರತ್ತೆ, ಏನ್ ಮಾಡೋದು" ಎಂದು ಮಾತು ಬದಲಿಸುತ್ತಾರೆ.

ಒಂದು ವಿಷಯವನ್ನು ಮಾತ್ರ ತಾವಾಗಿಯೇ ಹೇಳಿದರು. ಆರು ವರ್ಷದ ಹಿಂದೆ ಮುದುಕಿಯೊಬ್ಬರಿಗೆ ಹೀಗೇ ಆಯಿತಂತೆ, ಇವತ್ತು ನಾಳೆ ಎಂದು ಐದು ದಿನ. ಅದಕ್ಕೆ ಕೆಲವೇ ವಾರ ಮುಂಚೆ, ಕೇಳದಿದ್ದರೂ ವೈದ್ಯರ ನಡುವೆ ಬಾಯಿ ಹಾಕಿದ್ದಕ್ಕೆ ವರ್ಡೆಲ್ ಅವರಿಗೆ ಲಿಖಿತ ಎಚ್ಚರಿಕೆ ಸಿಕ್ಕಿತ್ತು. ಹಾಗಾಗಿ ಆ ಸಲ ಅವರು ಹಾಳೆಯಲ್ಲಿ ಬರೆದರು, ಮೇಜಿನ ಮೇಲಿಟ್ಟರು, ಸುಮ್ಮನಾದರು. "ಊಟ ಸಿಕ್ಕಿದ್ರೆ ಬದುಕ್ತಿದ್ರು ಅಂತ ನಾನು ಹೇಳಲ್ಲ. ಅಷ್ಟು ತಿಳಿದೋಳಲ್ಲ ನಾನು. ಆದ್ರೆ ಹಸ್ಕೊಂಡು ಹೋದ್ರು." ಇಷ್ಟು ಹೇಳಿ ಪೆನ್ಸಿಲಿನ ತುದಿ ನೋಡುತ್ತ ಕೂತರು.

ಆರೂವರೆ. ಕಾಯುವ ಕೋಣೆಯಲ್ಲಿ ಟೇಟಮ್ ಅವರ ಹೆಂಡತಿ ಲರ್ಲೀನ್ ಚರ್ಚಿನ ಇಬ್ಬರು ಹೆಂಗಸರೊಂದಿಗೆ ಕೂತಿದ್ದಾರೆ. ಮಡಿಲಲ್ಲಿ ಬೈಬಲ್, ಪಕ್ಕದಲ್ಲಿ ಮುಟ್ಟದ ಕಾಫಿ. ಡೀಕನ್ ಗುಣವಾಗಲೆಂದು ಇಡೀ ಸಭೆ ಸೋಮವಾರದಿಂದ ದಿನವೂ ಮಧ್ಯಾಹ್ನದವರೆಗೆ ಉಪವಾಸ ಮಾಡುತ್ತಿದೆ. ವರ್ಡೆಲ್ ಬೇರೆ ಚರ್ಚಿನವರು, ಆದರೂ ಈ ಊರಿನ ರೂಢಿಯಂತೆ ಇಬ್ಬರೂ ಒಬ್ಬರಿಗೊಬ್ಬರು ಸೋದರಿ.

"ಸೋದರಿ ಮೇಬ್ರಿ, ರಾತ್ರಿ ಚೆನ್ನಾಗಿ ಊಟ ಹೋಯ್ತಾ ನಮ್ಮೋರ್ಗೆ?" ಎಂದು ಲರ್ಲೀನ್ ಕೇಳುತ್ತಾರೆ.

ವರ್ಡೆಲ್ ಎದುರಿನ ಕುರ್ಚಿಯಲ್ಲಿ ಕೂರುತ್ತಾರೆ. ಸುಳ್ಳು ಹೇಳುವುದು ಅವರ ಕೆಲಸವಲ್ಲ, ನಿಜ ಹೇಳುವುದೂ ಅವರ ಕೆಲಸವೆಂದು ಎಲ್ಲೂ ಬರೆದಿಲ್ಲ. "ಇಲ್ಲ ಸೋದರಿ. ಮಧ್ಯರಾತ್ರಿಗೆ ನಿಲ್ಸಿದಾರೆ. ನಾಲ್ಕು ದಿನದಿಂದ ಹೀಗೇ. ಮೂರನೇ ಒಂದು ಭಾಗನೂ ಸರಿಯಾಗಿ ಹೋಗಿಲ್ಲ."

"ಚೀಲ ತೂಗ್ತಿತ್ತಲ್ಲ!" ಲರ್ಲೀನ್ ಧ್ವನಿ ಏರುತ್ತದೆ. "ದಿನಾ ನೋಡ್ತೀನಿ ನಾನು, ತುಂಬಿದ ಚೀಲ! ದೇವ್ರೇ ನಿನ್ನ ದಯೆ ಅಂತ ಕೈ ಮುಗೀತಿದ್ದೆ!"

"ಚೀಲ ತೂಗತ್ತೆ. ಪಂಪು ನಿಂತಿರತ್ತೆ."

"ನಾನು ಅವ್ರಿಗೋಸ್ಕರ ಉಪವಾಸ ಇದ್ರೆ, ನೀವು ಅವ್ರನ್ನೇ ಉಪವಾಸ ಹಾಕಿದ್ರಾ? ಐವತ್ತು ವರ್ಷದಲ್ಲಿ ಒಂದ್ ಹೊತ್ತು ಊಟ ಬಿಟ್ಟ ಗಂಡಸಲ್ಲ ಅವ್ರು! ಉಪವಾಸದ ಭಾನುವಾರ ಚರ್ಚಿನ ಹಿಂದೆ ನಿಂತು ಬಿಸ್ಕತ್ತು ತಿಂದಿರೋರು!"

ಪಕ್ಕದ ಹೆಂಗಸೊಬ್ಬರು ನಗು ತಡೆಯಲಾರದೆ ಕೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಲರ್ಲೀನ್ ತಾವೂ ಅರೆಗಳಿಗೆ ನಕ್ಕು, ಆಮೇಲೆ ಅಳುತ್ತಾರೆ. ಕಣ್ಣೊರೆಸಿಕೊಂಡ ಮೇಲೆ ಅವರ ಭಯ ಬೇರೆ ದಿಕ್ಕಿಗೆ ಹೊರಳುತ್ತದೆ. "ಈಗ ಊಟ ಶುರು ಮಾಡಿದ್ರೆ? ಅಷ್ಟರಲ್ಲಿ ಆಪರೇಷನ್‌ಗೆ ಕರೆದ್ರೆ? ಹೊಟ್ಟೆ ತುಂಬಿದೆ ಅಂತ ವಾಪಸ್ ಕಳ್ಸಿದ್ರೆ ಯಾರ್ ತಲೆ ಮೇಲೆ ಬರತ್ತೆ?"

"ನನ್ ತಲೆ ಮೇಲೆ," ಎನ್ನುತ್ತಾರೆ ವರ್ಡೆಲ್. "ನಾನಿನ್ನೂ ಕೇಳಿಲ್ಲ. ಕೇಳೋಣ ಅಂತಿದೀನಿ."

ಏಳೂವರೆಗೆ ವೈದ್ಯರ ತಂಡ ಒಂಬತ್ತನೇ ಹಾಸಿಗೆಗೆ ಬರುತ್ತದೆ. ಮುಖ್ಯ ವೈದ್ಯೆ ಡಾ. ಪ್ರುವಿಟ್ ನಡುವೆ, ಸುತ್ತ ಆರೇಳು ಜನ, ಗಾಲಿಯ ಮೇಲೊಂದು ಕಂಪ್ಯೂಟರ್. ವರ್ಡೆಲ್ ಮಡಚಿದ ಬಟ್ಟೆಗಳ ಗಾಡಿಯ ಪಕ್ಕ ನಿಂತಿದ್ದಾರೆ. ಕಿರಿಯ ವೈದ್ಯರೊಬ್ಬರು ಒಂದೊಂದಾಗಿ ಓದುತ್ತಾರೆ: ಉಸಿರು, ರಕ್ತದೊತ್ತಡ, ಮೂತ್ರ, ಜ್ವರ. "ಆಹಾರ, ನೂರಕ್ಕೆ ನೂರು," ಎಂದು ಮುಂದಿನ ಸಾಲಿಗೆ ಹೋಗುತ್ತಾರೆ.

"ಅಲ್ಲ," ಎನ್ನುತ್ತಾರೆ ವರ್ಡೆಲ್.

ಜನೆಲ್ ನೆಲ ನೋಡುತ್ತಿದ್ದಾರೆ. ನನಗೆ ಆ ಮುದುಕಿಯ ನೆನಪಾಗುತ್ತದೆ, ಹೆಸರೂ ಕೇಳಿರದ ಆ ಮುದುಕಿ.

"ಏನು ಅಲ್ಲ?" ಡಾ. ಪ್ರುವಿಟ್ ತಿರುಗುತ್ತಾರೆ.

ವರ್ಡೆಲ್ ಕನ್ನಡಕ ಏರಿಸಿ ಹಾಳೆ ಬಿಚ್ಚುತ್ತಾರೆ. "ಸೋಮವಾರ ನಾನೂರ ಎಂಬತ್ತು. ಮಂಗಳವಾರ ನಾನೂರ ಇಪ್ಪತ್ತು. ಬುಧವಾರ ಐನೂರ ಹತ್ತು. ನಿನ್ನೆ ನಾನೂರ ಎಂಬತ್ತು. ಬೇಕಿದ್ದದ್ದು ದಿನಕ್ಕೆ ಸಾವಿರದ ಐನೂರು. ಡಾಕ್ಟರೇ, ನಮ್ಮನೆ ಬೆಕ್ಕು ಇದಕ್ಕಿಂತ ಚೆನ್ನಾಗಿ ತಿನ್ನತ್ತೆ."

"ಶಸ್ತ್ರಕ್ರಿಯೆಗೆ ಉಪವಾಸ..." ಎಂದು ಕಿರಿಯ ವೈದ್ಯರು ಶುರು ಮಾಡುತ್ತಾರೆ.

"ಗೊತ್ತು ಡಾಕ್ಟರೇ. ಇವತ್ತು ಯಾವ ಹೊತ್ತಿಗೆ ಅಂತ ಯಾರಾದ್ರೂ ಕೇಳಿದೀರಾ? ಇವತ್ತಷ್ಟೇ ಅಲ್ಲ, ನಾಲ್ಕು ದಿನದಲ್ಲಿ ಯಾವತ್ತಾದ್ರೂ?"

ಡಾ. ಪ್ರುವಿಟ್ ಹಾಳೆ ತೆಗೆದುಕೊಂಡು ಓದುತ್ತಾರೆ. ಆಮೇಲೆ ಗೋಡೆಯ ಫೋನು ಎತ್ತಿ ಶಸ್ತ್ರಕ್ರಿಯೆಯ ಕೋಣೆಗೆ ಕರೆ ಮಾಡುತ್ತಾರೆ. ಟೇಟಮ್ ಅವರಿಗಿಂತ ಮುಂದೆ ಐದು ಜನ ಇದ್ದಾರಂತೆ. ಮಧ್ಯಾಹ್ನಕ್ಕೆ ಮುಂಚೆ ಸಾಧ್ಯವೇ ಇಲ್ಲ. ಫೋನು ಇಟ್ಟು ಅವರು ತಮ್ಮ ತಂಡಕ್ಕೆ ಹೇಳುತ್ತಾರೆ, ಗಂಟಲಿನಲ್ಲಿ ಈಗಾಗಲೇ ನಳಿಕೆ ಭದ್ರವಾಗಿರುವವರಿಗೆ ಇಷ್ಟು ಉದ್ದದ ಉಪವಾಸ ಬೇಕಿಲ್ಲ. ಕರೆ ಬಂದಾಗ ಪಂಪು ನಿಲ್ಲಿಸಿ, ಹೊಟ್ಟೆಯಲ್ಲಿ ಉಳಿದದ್ದನ್ನು ಸಿರಿಂಜಿನಿಂದ ಎಳೆದರೆ ಸಾಕು. "ಆದ್ರೆ ಅರಿವಳಿಕೆಯವ್ರು ಒಪ್ಪದೆ ಇರಬಹುದು. ಒಪ್ಪಲಿಲ್ಲ ಅಂದ್ರೆ ಇವತ್ತಿನ ಸರದಿ ಹೋಯ್ತು, ಮತ್ತೆ ಸೋಮವಾರವೇ. ಶುರು ಮಾಡಿ. ಪಂಪು ಗಂಟೆಗೆ ಎಷ್ಟರಲ್ಲಿ ಇಡೋಣ?"

ಆ ಪ್ರಶ್ನೆ ಯಾರಿಗೆಂದು ಎಲ್ಲರೂ ಅತ್ತಿತ್ತ ನೋಡುತ್ತಾರೆ. ಅದು ವರ್ಡೆಲ್ ಅವರಿಗೆ.

"ಗಂಟೆಗೆ ಅರವತ್ತು ಸಾಕು," ಎನ್ನುತ್ತಾರೆ ಅವರು. "ಹಸಿದ ಹೊಟ್ಟೆಗೆ ಒಂದೇ ಸಲ ಸುರಿದ್ರೆ ರಕ್ತದ ಲವಣ ಎಲ್ಲ ಏರುಪೇರು ಆಗತ್ತೆ. ಅದನ್ನೂ ಒಂದ್ಸಲ ಪರೀಕ್ಷೆ ಮಾಡ್ಸಿ. ನಮ್ಮ ತಜ್ಞೆ ಒಂಬತ್ತಕ್ಕೆ ಬರ್ತಾರೆ, ಅವ್ರನ್ನೂ ಕೇಳಿ. ನಾನ್ ಹೇಳ್ದೆ ಅಂತ ಮಾಡ್ಬೇಡಿ."

ಏಳೂ ಮುಕ್ಕಾಲಿಗೆ ಜನೆಲ್ ಗುಂಡಿ ಒತ್ತುತ್ತಾರೆ. ಪರದೆ ಬೆಳಗುತ್ತದೆ. ಒಂಬತ್ತಕ್ಕೆ ಬಂದ ತಜ್ಞೆ ಹಾಳೆ ನೋಡಿ, ಅರವತ್ತೇ ಇರಲಿ ಎನ್ನುತ್ತಾರೆ.

ಆಮೇಲಿನದು ಕಾಯುವ ಕೆಲಸ. ಮಿಕ್ಕ ಹಾಸಿಗೆಗಳ ಸುತ್ತು ಮುಗಿಸಿ, ಕೆಳಗಿನ ವಾರ್ಡುಗಳ ತಟ್ಟೆಗಳನ್ನು ನೋಡಿ, ಒಂದೂವರೆಗೆ ವರ್ಡೆಲ್ ಅವರ ಪಾಳಿ ಮುಗಿಯುತ್ತದೆ. ಅವರು ಮನೆಗೆ ಹೋಗುವುದಿಲ್ಲ. ಕಾಯುವ ಕೋಣೆಯಲ್ಲಿ ಲರ್ಲೀನ್ ಪಕ್ಕ ಕೂರುತ್ತಾರೆ. ಚರ್ಚಿನವರ ಉಪವಾಸ ಮುಗಿದಿದೆ. ಯಾರೋ ಕೋಳಿ ಹುರಿದು ತಂದಿದ್ದಾರೆ, ಜೋಳದ ರೊಟ್ಟಿ ಇದೆ. ಮೇಜಿನ ಫೋನು ಸದ್ದು ಮಾಡಿದಾಗಲೆಲ್ಲ ಇಬ್ಬರ ಬೆನ್ನೂ ನೆಟ್ಟಗಾಗುತ್ತದೆ. ಬೇಗ ಕರೆದರೂ ಭಯ, ಕರೆಯದಿದ್ದರೂ ಭಯ.

ನಾಲ್ಕೂ ಇಪ್ಪತ್ತಕ್ಕೆ ಕರೆ ಬರುತ್ತದೆ. ಜನೆಲ್ ಪಂಪು ನಿಲ್ಲಿಸಿ ಸಿರಿಂಜಿನಿಂದ ಎಳೆದು ನೋಡುತ್ತಾರೆ. ಬರೀ ಎಂಟು ಹತ್ತು ಮಿಲಿಲೀಟರ್, ಮಿಕ್ಕದ್ದು ಕೆಳಗಿಳಿದಿದೆ. ಅರಿವಳಿಕೆ ತಜ್ಞರು ಮೇಲೆ ಬರುತ್ತಾರೆ. ದಣಿದ ಮುಖದ ಎತ್ತರದ ಮನುಷ್ಯ.

"ಕೊನೇ ಊಟ ಯಾವಾಗ?"

"ಈಗ ತಾನೇ ನಿಲ್ಲಿಸ್ದೆ," ಎನ್ನುತ್ತಾರೆ ಜನೆಲ್.

ಅವರು ಜನೆಲ್ ಮುಖ ನೋಡುತ್ತಾರೆ. ಸಿರಿಂಜು ನೋಡುತ್ತಾರೆ. ಡಾ. ಪ್ರುವಿಟ್ ಬರೆದ ಟಿಪ್ಪಣಿಯನ್ನು ನಿಧಾನವಾಗಿ, ಕೊನೆಯವರೆಗೆ ಓದುತ್ತಾರೆ. ಗಾಜಿನ ಆಚೆ ವರ್ಡೆಲ್ ಮತ್ತು ಲರ್ಲೀನ್ ಒಬ್ಬರ ಕೈ ಒಬ್ಬರು ಹಿಡಿದು ನಿಂತಿದ್ದಾರೆ. ಯಾರು ಮೊದಲು ಹಿಡಿದರೆಂದು ನಾನು ಗಮನಿಸಲಿಲ್ಲ. "ಹೂಂ," ಎನ್ನುತ್ತಾರೆ ಆ ಮನುಷ್ಯ. ಹಾಸಿಗೆಯ ಗಾಲಿಯ ತಡೆ ಬಿಡಿಸಿ ತಾವೇ ತಳ್ಳಿಕೊಂಡು ಹೋಗುತ್ತಾರೆ.

ಶಸ್ತ್ರಕ್ರಿಯೆಗೆ ಅರ್ಧ ಗಂಟೆ ಹಿಡಿಯಿತು. ಸಂಜೆ ಏಳಕ್ಕೆ ಪಂಪು ಮತ್ತೆ ಶುರುವಾಯಿತು. ಮರುದಿನ ಬೆಳಿಗ್ಗೆ ವರ್ಡೆಲ್ ಮೊದಲು ದಿಂಬಿನಡಿ ಮುಟ್ಟಿ ನೋಡಿ, ಆಮೇಲೆ ಪರದೆ ಓದಿ, ‘ಸೇರಿದ್ದು’ ಅಂಕಣದಲ್ಲಿ ಸಾವಿರದ ನೂರ ಎಪ್ಪತ್ತೈದು ಎಂದು ಬರೆದರು. ಪೂರ್ತಿಯಲ್ಲ. ಆದರೂ ಆ ಅಂಕಿಯ ಕೆಳಗೆ ಪೆನ್ಸಿಲಿನಿಂದ ಎರಡು ಗೆರೆ ಎಳೆದರು. ಅವರ ಮೇಲಧಿಕಾರಿ ಆ ವಾರ ಅವರನ್ನು ಕರೆಯಲಿಲ್ಲ, ಎಚ್ಚರಿಕೆಗೂ ಇಲ್ಲ, ಮೆಚ್ಚುಗೆಗೂ ಇಲ್ಲ.

ಮೂರು ವಾರದ ಮೇಲೆ ನಾನು ಮತ್ತೆ ಹೋದಾಗ ಟೇಟಮ್ ಎರಡನೇ ಮಹಡಿಯ ಸಾಮಾನ್ಯ ವಾರ್ಡಿನಲ್ಲಿದ್ದಾರೆ. ಯಂತ್ರದಿಂದ ಬಿಡಿಸಿ ಆರು ದಿನ. ಕುತ್ತಿಗೆಯ ನಳಿಕೆಗೆ ಪುಟ್ಟ ಕವಾಟ ಕೂರಿಸಿರುವುದರಿಂದ ಗೊಗ್ಗರು ದನಿಯಲ್ಲಿ ಮಾತು ಬರುತ್ತದೆ. ಬಾಯಿಯಿಂದ ಮೊದಲ ಊಟ ಇವತ್ತು, ಮೆತ್ತಗೆ ಬೇಯಿಸಿದ ಜೋಳದ ತರಿಯ ಗಂಜಿ. ವರ್ಡೆಲ್ ಬಟ್ಟಲು ನೋಡಲು ಒಳಗೆ ಹೋಗುತ್ತಾರೆ. ಅವರು ಯಾರೆಂದು ಟೇಟಮ್ ಅವರಿಗೆ ಗೊತ್ತಿಲ್ಲ.

"ಈ ಗಂಜಿ ನೀವು ಮಾಡಿದ್ದಾ ತಾಯಿ?"

"ಅಲ್ಲಪ್ಪ, ಕೆಳಗಡೆ ಅಡುಗೆಮನೇಲಿ ಮಾಡ್ತಾರೆ."

"ಹೋಗಿ ಹೇಳಿ ಅವ್ರಿಗೆ. ಉಪ್ಪಿಲ್ಲ, ಬೆಣ್ಣೆ ಇಲ್ಲ, ಬಿಸಿನೂ ಇಲ್ಲ. ಇದ್ರಲ್ಲಿ ಗೋಡೆಗೆ ಕಾಗದ ಅಂಟಿಸ್ಬಹುದು. ನನ್ ಅಂಗಡೀಲಿ ಕ್ಷೌರ ಹೀಗೆ ಮಾಡಿದ್ರೆ ಒಬ್ಬನೂ ಮತ್ತೆ ಬರ್ತಿರ್ಲಿಲ್ಲ."

"ಓಝೆಲ್!" ಲರ್ಲೀನ್ ಗದರುತ್ತಾರೆ. "ಯಾರ್ ಹತ್ರ ಮಾತಾಡ್ತಿದೀರ ಗೊತ್ತಾ? ಇವ್ರು..."

ವರ್ಡೆಲ್ ಬೇಡವೆಂದು ತಲೆಯಾಡಿಸುತ್ತಾರೆ. ಬಟ್ಟಲನ್ನು ವಾಲಿಸಿ ತಳ ನೋಡಿ, "ಹೇಳ್ತೀನಿ ಡೀಕನ್, ಖಂಡಿತ ಹೇಳ್ತೀನಿ" ಎಂದು ಹೊರಗೆ ಬರುತ್ತಾರೆ. ಓಣಿಯ ಕೊನೆಯಲ್ಲಿ ಗೋಡೆಗೆ ಒರಗಿ, ಮಂಡಿ ನೀವಿಕೊಳ್ಳುತ್ತ ಬಹಳ ಹೊತ್ತು ತಮ್ಮಷ್ಟಕ್ಕೆ ನಗುತ್ತಾರೆ.

"ಇಪ್ಪತ್ತಾರು ವರ್ಷ," ಎನ್ನುತ್ತಾರೆ ಆಮೇಲೆ. "ಆ ನಾಲ್ಕನೇ ಮಹಡೀಲಿ ನಾನು ನೋಡ್ಕೊಂಡೋರಲ್ಲಿ ಒಬ್ರೂ ಊಟದ ಬಗ್ಗೆ ನನ್ ಹತ್ರ ಒಂದ್ ಮಾತು ಆಡಿರ್ಲಿಲ್ಲ. ಇವ್ರೇ ಮೊದಲು ಬೈದಿದ್ದು. ಮುಕ್ಕಾಲು ಬಟ್ಟಲು ತಿಂದು ಬೈದ್ರು. ಅದನ್ನೂ ಬರ್ಕೊಳ್ಳಿ."